ಪ್ರಕ್ರಿಯೆಯ ದೋಷಗಳನ್ನು ಇಳಿಸುವುದು ಹೇಗೆ: ವ್ಯಾಖ್ಯೆಯಿಂದ ನಿಯಂತ್ರಣದವರೆಗೆ ಸಮಗ್ರ ಮಾರ್ಗದರ್ಶಿ

ತಂಡ ಕಟ್ಟಿ, ಸಭೆಗಳನ್ನು ನಡೆಸಿ, ಎಲ್ಲರಿಗೂ ತರಬೇತಿ ಕೊಟ್ಟು, ಪರಿಶೀಲನಾ ಪಟ್ಟಿಯನ್ನು ಗೋಡೆಗೆ ಅಂಟಿಸಿದ ಮೇಲೂ ಕೆಲವೇ ತಿಂಗಳಲ್ಲಿ ದೋಷಗಳು ಹಳೆಯ ಮಟ್ಟಕ್ಕೇ ಮರಳಿದ್ದನ್ನು ಹಲವರು ಅನುಭವಿಸಿದ್ದಾರೆ. ಇಂಥ ಪ್ರಯತ್ನಗಳು ಸೋಲುವುದು ಶ್ರದ್ಧೆಯ ಕೊರತೆಯಿಂದಲ್ಲ, ಹಂತಗಳ ಕ್ರಮ ತಪ್ಪುವುದರಿಂದ. ದೋಷ ಎಂದರೇನು ಎಂಬುದರಲ್ಲಿ ಒಮ್ಮತ ಮೂಡುವ ಮೊದಲೇ ಎಣಿಕೆ ಆರಂಭವಾಗುತ್ತದೆ; ಎಣಿಕೆಯನ್ನು ನಂಬಬಹುದೇ ಎಂದು ನೋಡುವ ಮೊದಲೇ ಕಾರಣದ ಚರ್ಚೆ ನಡೆಯುತ್ತದೆ; ಕಾರಣ ಸಾಬೀತಾಗುವ ಮೊದಲೇ ಪರಿಹಾರ ಜಾರಿಗೆ ಬಂದಿರುತ್ತದೆ. ಕೆಳಗಿನ ಒಂಬತ್ತು ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಬೇಕು. ಒಂದು ಮುಗಿಯದೆ ಮುಂದಿನದಕ್ಕೆ ಹೋಗಬಾರದು.

ವಿವರಣೆಗಾಗಿ ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸುತ್ತೇನೆ: ಪೂರೈಕೆದಾರರಿಂದ ಬರುವ ಬಿಲ್ಲುಗಳನ್ನು ಸ್ವೀಕರಿಸಿ, ದಾಖಲಿಸಿ, ಖರೀದಿ ಆದೇಶದೊಂದಿಗೆ ತಾಳೆ ನೋಡಿ, ಅನುಮೋದನೆ ಪಡೆದು, ಹಣ ಪಾವತಿಸಿ, ಲೆಕ್ಕಕ್ಕೆ ಹತ್ತಿಸುವ ಆರು ಹೆಜ್ಜೆಗಳ ಪ್ರಕ್ರಿಯೆ. ಅದರ ಅಂಕಿಗಳೆಲ್ಲ ಲೆಕ್ಕ ತೋರಿಸಲು ಕಲ್ಪಿಸಿಕೊಂಡವು.

ಮೊದಲೇ ಸಿದ್ಧವಾಗಿರಬೇಕಾದದ್ದು

ದುಬಾರಿ ತಂತ್ರಾಂಶ ಬೇಕಿಲ್ಲ. ಒಂದು ಸ್ಪ್ರೆಡ್‌ಶೀಟ್, ಕೈಯಲ್ಲಿ ಗುರುತು ಹಾಕಲು ಚೆಕ್ ಶೀಟ್, ಪ್ರಕ್ರಿಯೆಯ ನಕ್ಷೆ ಬಿಡಿಸಲು ದೊಡ್ಡ ಹಾಳೆ ಸಾಕು. ಆದರೆ ಇಬ್ಬರು ವ್ಯಕ್ತಿಗಳು ಇಲ್ಲದೆ ಆರಂಭಿಸಬೇಡಿ: ಪ್ರತಿದಿನ ಆ ಕೆಲಸವನ್ನು ಸ್ವತಃ ಮಾಡುವವರು ಮತ್ತು ಪ್ರಕ್ರಿಯೆಯನ್ನು ಬದಲಿಸುವ ಅಧಿಕಾರ ಇರುವವರು. ಮೊದಲನೆಯವರಿಲ್ಲದಿದ್ದರೆ ನಿಜಸ್ಥಿತಿ ತಿಳಿಯುವುದಿಲ್ಲ. ಎರಡನೆಯವರಿಲ್ಲದಿದ್ದರೆ ತಿಳಿದದ್ದು ವರದಿಯಲ್ಲೇ ಉಳಿದುಹೋಗುತ್ತದೆ.

ಹಂತ 1: ದೋಷ ಎಂದರೇನು ಎಂಬುದನ್ನು ಬರೆದಿಡಿ

‘ತಪ್ಪಾದ ಬಿಲ್ಲು’ ಎಂಬುದು ವ್ಯಾಖ್ಯೆಯಲ್ಲ. ‘ದಾಖಲಿಸಿದ ಮೊತ್ತ, ಪೂರೈಕೆದಾರರ ಸಂಕೇತ, ಖರೀದಿ ಆದೇಶದ ಸಂಖ್ಯೆ ಅಥವಾ ಬ್ಯಾಂಕ್ ಖಾತೆ ಮೂಲ ದಾಖಲೆಯೊಂದಿಗೆ ಹೊಂದದಿರುವುದು, ಇಲ್ಲವೇ ಸ್ವೀಕರಿಸಿದ ಐದು ಕೆಲಸದ ದಿನಗಳಲ್ಲಿ ಅನುಮೋದನೆಗೆ ಹೋಗದಿರುವುದು’ ಎಂಬುದು ವ್ಯಾಖ್ಯೆ. ಅದನ್ನು ಓದಿದ ಹೊಸಬರೊಬ್ಬರು ಯಾರನ್ನೂ ಕೇಳದೆ ‘ಇದು ದೋಷ, ಇದು ಅಲ್ಲ’ ಎಂದು ಹೇಳುವಂತಿರಬೇಕು.

ಎರಡು ಎಣಿಕೆಗಳನ್ನು ಬೇರೆಯಾಗಿಯೇ ಇಡಿ. ಒಂದು ಬಿಲ್ಲಿನಲ್ಲಿ ಮೂರು ತಪ್ಪುಗಳಿದ್ದರೆ ದೋಷಗಳು ಮೂರು, ದೋಷಯುಕ್ತ ಬಿಲ್ಲು ಒಂದೇ. ಒಂದು ವಾರ ಒಂದು ಬಗೆಯಲ್ಲಿ, ಮರುವಾರ ಇನ್ನೊಂದು ಬಗೆಯಲ್ಲಿ ಎಣಿಸಿದರೆ ಸುಧಾರಣೆಯೂ ಕುಸಿತವೂ ಕಾಗದದ ಮೇಲಷ್ಟೇ ಸಂಭವಿಸುತ್ತವೆ.

ಸಿಕ್ಸ್ ಸಿಗ್ಮಾ ಅಳತೆಯನ್ನು (ದೋಷಗಳ ಪ್ರಮಾಣವನ್ನು ‘ಸಿಗ್ಮಾ ಮಟ್ಟ’ವಾಗಿ ಹೇಳುವ ಪದ್ಧತಿ; ಮಟ್ಟ ಹೆಚ್ಚಿದಷ್ಟೂ ದೋಷ ಕಡಿಮೆ) ಬಳಸುವವರು ಇಲ್ಲಿಯೇ ಎಡವುತ್ತಾರೆ. ಆ ಅಳತೆಯಲ್ಲಿ ಹತ್ತು ಲಕ್ಷ ಅವಕಾಶಗಳಿಗೆ, ಅಂದರೆ ದೋಷ ಆಗಬಹುದಾದ ಜಾಗಗಳಿಗೆ, 66,807 ದೋಷಗಳಿದ್ದರೆ ಮೂರು ಸಿಗ್ಮಾ, 6,210 ಇದ್ದರೆ ನಾಲ್ಕು, 3.4 ಇದ್ದರೆ ಆರು. ಇವೆಲ್ಲ ಕಾಲಾಂತರದಲ್ಲಿ ಸರಾಸರಿಯು 1.5 ಸಿಗ್ಮಾದಷ್ಟು ಸರಿಯುತ್ತದೆ ಎಂಬ ರೂಢಿಯ ಊಹೆಯನ್ನು ಒಳಗೊಂಡ ಅಂಕಿಗಳು. ಈಗ ನೂರಕ್ಕೆ 12 ಬಿಲ್ಲುಗಳಲ್ಲಿ ತಲಾ ಒಂದು ತಪ್ಪಿದೆ ಎಂದುಕೊಳ್ಳಿ. ಬಿಲ್ಲನ್ನೇ ಒಂದು ಅವಕಾಶ ಎಂದು ಎಣಿಸಿದರೆ ಹತ್ತು ಲಕ್ಷಕ್ಕೆ 1,20,000 ದೋಷಗಳಾಗಿ ಪ್ರಕ್ರಿಯೆ ಸುಮಾರು 2.7 ಸಿಗ್ಮಾದಲ್ಲಿರುತ್ತದೆ. ಬಿಲ್ಲಿನ ಮೂವತ್ತು ಅಂಕಣಗಳನ್ನೂ ಅವಕಾಶಗಳೆಂದು ಎಣಿಸಿದರೆ ಅದೇ ಪ್ರಕ್ರಿಯೆ 4,000 ದೋಷಗಳೊಂದಿಗೆ ನಾಲ್ಕು ಸಿಗ್ಮಾವನ್ನು ದಾಟಿಬಿಡುತ್ತದೆ. ಒಂದು ಬಿಲ್ಲೂ ಸುಧಾರಿಸಿಲ್ಲ. ಅವಕಾಶಗಳ ಪಟ್ಟಿ ಉದ್ದವಾಗುತ್ತಿದೆ ಎಂದು ಕಂಡಕೂಡಲೇ ಅದನ್ನು ಅಪಾಯದ ಸೂಚನೆ ಎಂದು ತಿಳಿಯಿರಿ. ಶೇಕಡಾವಾರು ಲೆಕ್ಕ ಸಾಕಾಗುವಲ್ಲಿ ಸಿಗ್ಮಾ ಮಟ್ಟದ ಗೋಜಿಗೆ ಹೋಗದಿರುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಹಂತ 2: ಕೆಲಸ ಸಾಗುವ ಹಾದಿಯಲ್ಲಿ ನೀವೇ ನಡೆದು ನೋಡಿ

ಕೈಪಿಡಿಯಲ್ಲಿರುವ ನಕ್ಷೆಯನ್ನು ಪಕ್ಕಕ್ಕಿಟ್ಟು, ಐದಾರು ಬಿಲ್ಲುಗಳ ಜೊತೆ ಮೊದಲ ಮೇಜಿನಿಂದ ಕೊನೆಯ ಮೇಜಿನವರೆಗೆ ಹೋಗಿ. ಬಿಲ್ಲು ಎಲ್ಲಿ ಕಾಯುತ್ತದೆ, ಎಲ್ಲಿಂದ ಹಿಂದಕ್ಕೆ ಬರುತ್ತದೆ, ಯಾರು ಯಾವುದನ್ನು ಸದ್ದಿಲ್ಲದೆ ತಿದ್ದಿ ಮುಂದಕ್ಕೆ ಕಳಿಸುತ್ತಾರೆ ಎಂಬುದನ್ನು ಗುರುತಿಸಿಕೊಳ್ಳಿ. ಆ ಸದ್ದಿಲ್ಲದ ತಿದ್ದುಪಡಿಯೇ ಯಾವ ವರದಿಯಲ್ಲೂ ಕಾಣದ ಮರುಕೆಲಸ.

ಪ್ರತಿ ಹೆಜ್ಜೆಯಲ್ಲಿ ಮೊದಲ ಸಲಕ್ಕೇ ಸರಿಯಾಗಿ ದಾಟಿದವುಗಳ ಪ್ರಮಾಣವನ್ನು ಬರೆದು, ಎಲ್ಲವನ್ನೂ ಗುಣಿಸಿ. ಆರು ಹೆಜ್ಜೆಗಳಲ್ಲಿ ಪ್ರತಿಯೊಂದೂ ಶೇ. 97ರಷ್ಟು ಸರಿಯಿದ್ದರೂ, ಎಲ್ಲಿಯೂ ತಿದ್ದುಪಡಿ ಬೇಡದೆ ಕೊನೆ ಮುಟ್ಟುವ ಬಿಲ್ಲುಗಳು ಶೇ. 83 ಮಾತ್ರ. ಕೊನೆಯ ಮೇಜಿನಲ್ಲಿ ಎಣಿಸಿದಾಗ ಶೇ. 99 ಸರಿಯಿದೆ ಎಂದು ಕಾಣುತ್ತಿದ್ದರೆ, ನಡುವಿನ ವ್ಯತ್ಯಾಸವನ್ನು ಯಾರದೋ ಸಮಯ ತುಂಬಿಕೊಡುತ್ತಿದೆ ಎಂದರ್ಥ.

ಹಂತ 3: ಎಣಿಸುವವರು ಒಂದೇ ಕಣ್ಣಿನಿಂದ ನೋಡುತ್ತಿದ್ದಾರೆಯೇ ಎಂದು ಪರೀಕ್ಷಿಸಿ

ಅತಿ ಹೆಚ್ಚು ಜನ ಬಿಟ್ಟುಬಿಡುವುದು ಈ ಹಂತವನ್ನೇ. ಇದನ್ನು ಬಿಟ್ಟರೆ ಮುಂದಿನ ಎಲ್ಲ ಶ್ರಮವೂ ಮರಳಿನ ಮೇಲೆ ಕಟ್ಟಿದಂತೆ.

ನೂರು ಬಿಲ್ಲುಗಳನ್ನು ಆಯ್ದು, ಇಬ್ಬರು ಪರಿಶೀಲಕರಿಗೆ ಬೇರೆಬೇರೆಯಾಗಿ, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ತಿಳಿಯದಂತೆ ಕೊಡಿ. ಇಬ್ಬರೂ ತಲಾ ಹತ್ತು ಬಿಲ್ಲುಗಳನ್ನು ದೋಷಯುಕ್ತ ಎಂದು ಗುರುತಿಸಿದರು, ಆದರೆ ಅವುಗಳಲ್ಲಿ ಇಬ್ಬರಿಗೂ ಸಮಾನವಾದವು ಐದೇ ಎಂದುಕೊಳ್ಳಿ. ನೂರರಲ್ಲಿ ತೊಂಬತ್ತು ಬಿಲ್ಲುಗಳ ವಿಷಯದಲ್ಲಿ ಅವರು ಒಪ್ಪಿದ್ದಾರೆ, ಹಾಗಾಗಿ ‘ಶೇ. 90 ಸಹಮತ’ ಎಂದು ಬರೆದು ಮುಂದೆ ಹೋಗಬಹುದೆನ್ನಿಸುತ್ತದೆ. ಆದರೆ ದೋಷಯುಕ್ತವೆಂದು ಒಬ್ಬರಾದರೂ ಗುರುತಿಸಿದ ಹದಿನೈದು ಬಿಲ್ಲುಗಳಲ್ಲಿ ಹತ್ತರ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯವಿದೆ.

ಇದನ್ನು ಬಯಲಿಗೆಳೆಯುವ ಅಳತೆಗೆ ಕಪ್ಪಾ ಎಂದು ಹೆಸರು. ಇಬ್ಬರೂ ಕಣ್ಣು ಮುಚ್ಚಿ ಹತ್ತಕ್ಕೊಂದರಂತೆ ಗುರುತು ಹಾಕಿದ್ದರೂ ಆಕಸ್ಮಿಕವಾಗಿಯೇ ಶೇ. 82ರಷ್ಟು ಸಹಮತ ಸಿಗುತ್ತಿತ್ತು (0.9 × 0.9 + 0.1 × 0.1). ನಿಜವಾದ 0.90ರಿಂದ ಆ 0.82ನ್ನು ಕಳೆದು, ಉಳಿದದ್ದನ್ನು 1 − 0.82 ರಿಂದ ಭಾಗಿಸಿದರೆ 0.44 ಬರುತ್ತದೆ. ರೂಢಿಯಲ್ಲಿ 0.7ಕ್ಕಿಂತ ಕಡಿಮೆಯಿದ್ದರೆ ಅಳತೆಯನ್ನು ನಂಬುವುದಿಲ್ಲ. ಹೀಗಾದಾಗ ಪರಿಶೀಲಕರನ್ನು ದೂಷಿಸಬೇಡಿ. ಭಿನ್ನಾಭಿಪ್ರಾಯವಿರುವ ಹತ್ತು ಬಿಲ್ಲುಗಳನ್ನು ಇಬ್ಬರ ಮುಂದೆಯೂ ಇಟ್ಟು, ವ್ಯಾಖ್ಯೆಯ ಯಾವ ಮಾತು ಎರಡು ಅರ್ಥ ಕೊಟ್ಟಿತೆಂದು ಕೇಳಿ, ಹಂತ 1ಕ್ಕೆ ಮರಳಿ ಆ ಮಾತನ್ನು ತಿದ್ದಿ.

ಉದ್ದ, ತೂಕದಂಥ ಅಳತೆಗಳಿಗೆ ಇದೇ ಉದ್ದೇಶದ ಗೇಜ್ ಆರ್ ಆ್ಯಂಡ್ ಆರ್ ಪರೀಕ್ಷೆಯಿದೆ. ಅಳತೆಯ ದೋಷ ಶೇ. 10ಕ್ಕಿಂತ ಕಡಿಮೆಯಿದ್ದರೆ ಸಾಧನ ಚೆನ್ನಾಗಿದೆ, ಶೇ. 30ನ್ನು ಮೀರಿದರೆ ಬಳಸಬಾರದು, ನಡುವೆ ಇದ್ದರೆ ಕೆಲಸದ ಗಂಭೀರತೆಯನ್ನು ನೋಡಿ ತೀರ್ಮಾನಿಸಬೇಕು ಎಂಬುದು ಅಲ್ಲಿನ ರೂಢಿ.

ಅಪಾಯದ ಸೂಚನೆ: ಪರಿಶೀಲಕರು ಬದಲಾದ ವಾರವೇ ದೋಷಗಳ ಪ್ರಮಾಣ ಜಿಗಿದರೆ ಅಥವಾ ಕುಸಿದರೆ, ಬದಲಾದದ್ದು ಪ್ರಕ್ರಿಯೆಯೋ ನೋಡುವ ಕಣ್ಣೋ ಎಂದು ಮೊದಲು ವಿಚಾರಿಸಿ.

ಹಂತ 4: ಮೂಲಮಟ್ಟವನ್ನು ಚಾರ್ಟಿನಲ್ಲಿ ಇರಿಸಿ

ಈಗಿನ ಸ್ಥಿತಿಯನ್ನು ಒಂದೇ ಸರಾಸರಿಯಾಗಿ ಹೇಳುವುದು ಸಾಲದು, ಅದು ಕಾಲದೊಂದಿಗೆ ಎಷ್ಟು ಏರಿಳಿಯುತ್ತದೆ ಎಂಬುದೂ ಬೇಕು. ದೋಷಯುಕ್ತ ಬಿಲ್ಲುಗಳ ಪ್ರಮಾಣಕ್ಕೆ ಪಿ-ಚಾರ್ಟ್ (ಪ್ರತಿ ಅವಧಿಯ ಪ್ರಮಾಣವನ್ನು ಬಿಂದುವಾಗಿ ಗುರುತಿಸಿ, ಸಹಜ ಏರಿಳಿತದ ಮಿತಿಗಳನ್ನು ಎಳೆಯುವ ಚಾರ್ಟ್) ಸರಿಹೊಂದುತ್ತದೆ. ಇಪ್ಪತ್ತರಿಂದ ಇಪ್ಪತ್ತೈದು ಅವಧಿಗಳ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆಯಿರಿ. ಸರಾಸರಿಯನ್ನು, ಒಂದರಿಂದ ಸರಾಸರಿಯನ್ನು ಕಳೆದ ಸಂಖ್ಯೆಯಿಂದ ಗುಣಿಸಿ, ಪ್ರತಿ ಅವಧಿಯ ಬಿಲ್ಲುಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಮೂರರಿಂದ ಗುಣಿಸಿ. ಬಂದದ್ದನ್ನು ಸರಾಸರಿಗೆ ಕೂಡಿಸಿದರೆ ಮೇಲಿನ ನಿಯಂತ್ರಣ ಮಿತಿ, ಕಳೆದರೆ ಕೆಳಗಿನ ಮಿತಿ.

ವಾರಕ್ಕೆ 250 ಬಿಲ್ಲುಗಳು, ಸರಾಸರಿ ಶೇ. 12 ದೋಷಯುಕ್ತ ಎಂದಾದರೆ ಮಿತಿಗಳು ಸುಮಾರು ಶೇ. 5.8 ಮತ್ತು ಶೇ. 18.2 ಆಗುತ್ತವೆ. ಅಂದರೆ ಒಂದು ವಾರ ಶೇ. 16, ಮರುವಾರ ಶೇ. 9 ಬಂದರೂ ಪ್ರಕ್ರಿಯೆಯಲ್ಲಿ ಏನೂ ಬದಲಾಗಿಲ್ಲದಿರಬಹುದು. ಶೇ. 16 ಬಂದ ಸೋಮವಾರ ಸಿಬ್ಬಂದಿಯನ್ನು ಗದರಿಸಿ, ಶೇ. 9 ಬಂದ ಸೋಮವಾರ ಹೊಗಳುವ ಮೇಲ್ವಿಚಾರಕರು ಗದರಿಕೆಯಿಂದ ಕೆಲಸವಾಗುತ್ತದೆ ಎಂಬ ತಪ್ಪು ಪಾಠವನ್ನು ಪ್ರಾಮಾಣಿಕವಾಗಿಯೇ ಕಲಿಯುತ್ತಾರೆ. ಸಹಜ ಏರಿಳಿತಕ್ಕೆ ಪ್ರತಿವಾರ ಹೊಸ ನಿಯಮ ಮಾಡಿದರೆ ಏರಿಳಿತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಿಲ್ಲು ಮುಗಿಯಲು ಹಿಡಿದ ದಿನಗಳಂಥ ಒಂಟಿ ಅಳತೆಗಳಿಗೆ ಇನ್ನೂ ಸರಳ ದಾರಿಯಿದೆ. ಅಕ್ಕಪಕ್ಕದ ಎರಡು ಅಳತೆಗಳ ನಡುವಿನ ಅಂತರಗಳ ಸರಾಸರಿಯನ್ನು 2.66ರಿಂದ ಗುಣಿಸಿ, ಮೂಲ ಸರಾಸರಿಯ ಎರಡೂ ಬದಿಗೆ ಇಟ್ಟರೆ ಮಿತಿಗಳು ಸಿದ್ಧ.

ಮಿತಿಯಾಚೆ ಬಿದ್ದ ಬಿಂದು ಅಥವಾ ಸರಾಸರಿಯ ಒಂದೇ ಬದಿಯಲ್ಲಿ ಸತತವಾಗಿ ಎಂಟು ಬಿಂದುಗಳು ಬಂದರೆ ಅದಕ್ಕೆ ವಿಶೇಷ ಕಾರಣವಿರುತ್ತದೆ. ಅದನ್ನು ಆ ವಾರದ ಘಟನೆಗಳಲ್ಲಿ ಹುಡುಕಿ. ಅಂಥದ್ದೇನೂ ಇಲ್ಲದಿದ್ದರೆ ದೋಷವು ಪ್ರಕ್ರಿಯೆಯ ರಚನೆಯಲ್ಲೇ ಇದೆ. ಒಂದು ಕೆಟ್ಟ ವಾರವನ್ನು ಎಷ್ಟು ಬಗೆದು ನೋಡಿದರೂ ಆಗ ಏನೂ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: ನಿಯಂತ್ರಣ ಮಿತಿಗಳು ಪ್ರಕ್ರಿಯೆಯೇ ಹೇಳುವ ಮಾತು, ಗುರಿ ನೀವು ಹೇಳುವ ಮಾತು. ಗುರಿಯನ್ನೇ ಮಿತಿಯಾಗಿ ಚಾರ್ಟಿನಲ್ಲಿ ಎಳೆಯಬೇಡಿ.

ಹಂತ 5: ಎಲ್ಲಿ ಕೈಹಾಕಬೇಕೆಂದು ತೀರ್ಮಾನಿಸಿ

ದೋಷಗಳನ್ನು ಬಗೆಯ ಪ್ರಕಾರ ವಿಂಗಡಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಪರೇಟೋ ಚಾರ್ಟ್ ಆಗುತ್ತದೆ. ಅದನ್ನು ಎರಡು ಸಲ ಬಿಡಿಸಿ: ಒಮ್ಮೆ ಸಂಖ್ಯೆಯಿಂದ, ಇನ್ನೊಮ್ಮೆ ತಿದ್ದಲು ಹಿಡಿಯುವ ಸಮಯದಿಂದ. ದಿನಾಂಕ ತಪ್ಪಿದ ನಲವತ್ತು ಬಿಲ್ಲುಗಳನ್ನು ತಲಾ ಎರಡು ನಿಮಿಷದಲ್ಲಿ ಸರಿಪಡಿಸಬಹುದು. ತಪ್ಪು ಖಾತೆಗೆ ಹೋದ ಮೂರೇ ಪಾವತಿಗಳು ಒಂದೊಂದೂ ಎರಡು ದಿನಗಳನ್ನು ತಿನ್ನಬಹುದು. ‘ಇತರೆ’ ಎಂಬ ಕಂಬವೇ ಎಲ್ಲಕ್ಕಿಂತ ಎತ್ತರವಾಗಿದ್ದರೆ ವಿಂಗಡಣೆ ಸರಿಯಾಗಿಲ್ಲ. ಒಂದು ಬಗೆಯನ್ನು ಆಯ್ದು, ಉಳಿದವನ್ನು ಸದ್ಯಕ್ಕೆ ಬಿಡಿ.

ಹಂತ 6: ಕಾರಣವನ್ನು ಹುಡುಕಿ, ನಂತರ ಸಾಬೀತುಪಡಿಸಿ

ಮೀನುಮೂಳೆ ಚಿತ್ರ (ಸಾಧ್ಯವಿರುವ ಕಾರಣಗಳನ್ನು ಗುಂಪುಗುಂಪಾಗಿ ತೋರಿಸುವ ಚಿತ್ರ) ಬಿಡಿಸುವುದು, ಐದು ಸಲ ‘ಏಕೆ’ ಎಂದು ಕೇಳುವುದು ಎಲ್ಲರಿಗೂ ಗೊತ್ತು. ಇವೆರಡೂ ಕೊಡುವುದು ಊಹೆಗಳನ್ನು ಮಾತ್ರ ಎಂಬುದನ್ನೇ ಜನ ಮರೆಯುತ್ತಾರೆ. ಸಭೆಯಲ್ಲಿ ಹೆಚ್ಚು ಮತ ಬಿದ್ದ ಕಾರಣವನ್ನು ಮೂಲ ಕಾರಣ ಎಂದು ಘೋಷಿಸುವುದು, ನಾನು ಕಂಡಂತೆ, ಸುಧಾರಣೆಯ ಕೆಲಸಗಳನ್ನು ಅತಿ ಹೆಚ್ಚು ಹಾಳುಮಾಡಿದ ಅಭ್ಯಾಸ.

ಊಹೆಯನ್ನು ಪರೀಕ್ಷಿಸಲು ಮೊದಲು ‘ಎಲ್ಲಿದೆ, ಎಲ್ಲಿಲ್ಲ’ ಎಂದು ಹೋಲಿಸಿ. ಖರೀದಿ ಆದೇಶದ ಸಂಖ್ಯೆ ತಪ್ಪುವುದು ಕೆಲವೇ ಪೂರೈಕೆದಾರರ ಬಿಲ್ಲುಗಳಲ್ಲೇ? ತಿಂಗಳ ಕೊನೆಯ ದಿನಗಳಲ್ಲೇ? ನಮೂನೆಯ ಹಳೆಯ ಆವೃತ್ತಿಯಲ್ಲಿ ಮಾತ್ರವೇ? ‘ಕೆಲಸದ ಒತ್ತಡವೇ ಕಾರಣ’ ಎಂದು ಎಲ್ಲರೂ ಹೇಳುತ್ತಿದ್ದಾರೆ, ಆದರೆ ಬಿಲ್ಲುಗಳು ಕಡಿಮೆಯಿದ್ದ ವಾರಗಳಲ್ಲೂ ಅಷ್ಟೇ ದೋಷಗಳಿವೆ ಎಂದಾದರೆ ಆ ಊಹೆ ಅಲ್ಲಿಗೇ ಬಿತ್ತು. ದೋಷ ಕಂಡಲ್ಲೆಲ್ಲ ಕಾರಣ ಇರಬೇಕು, ಕಾಣದಲ್ಲಿ ಅದು ಇರಬಾರದು. ಈ ಎರಡನೆಯ ಭಾಗವನ್ನು ಪರೀಕ್ಷಿಸುವವರು ಕಡಿಮೆ.

ಸಾಧ್ಯವಿದ್ದರೆ ಕಾರಣವನ್ನು ತೆಗೆದು ನೋಡಿ, ಮತ್ತೆ ಇಟ್ಟು ನೋಡಿ. ತೆಗೆದಾಗ ದೋಷ ಇಳಿದು, ಇಟ್ಟಾಗ ಮರಳಿದರೆ ಅದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ. ಹಣ ಅಥವಾ ಸುರಕ್ಷತೆಗೆ ಧಕ್ಕೆಯಾಗುವಂಥ ಕಡೆ ಮರಳಿ ಇಡುವ ಪ್ರಯೋಗ ಬೇಡ.

‘ಏಕೆ’ ಎಂಬ ಪ್ರಶ್ನೆಗಳ ಸರಣಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಅಥವಾ ‘ಅಜಾಗರೂಕತೆ’ ಎಂಬ ಪದದಲ್ಲಿ ಮುಗಿದರೆ ಅರ್ಧ ದಾರಿಯಲ್ಲೇ ನಿಂತಿದ್ದೀರಿ. ಆ ವ್ಯಕ್ತಿಯ ಜಾಗದಲ್ಲಿ ಬೇರೆಯವರು ಕುಳಿತರೆ ಅದೇ ತಪ್ಪು ಆಗುತ್ತಿತ್ತೇ ಎಂದು ಕೇಳಿ. ಪರದೆಯ ಮೇಲೆ ಒಂದರ ಕೆಳಗೊಂದು ಇರುವ ಎರಡು ಸಂಖ್ಯೆಗಳು ಒಂದೇ ಉದ್ದವಿದ್ದು, ಒಂದೇ ಅಂಕಿಯಿಂದ ಆರಂಭವಾಗುವಂತಿದ್ದರೆ, ಎಷ್ಟು ಜಾಗರೂಕರಾದರೂ ದಿನಕ್ಕೊಮ್ಮೆ ಅದಲುಬದಲು ಮಾಡುತ್ತಾರೆ.

ಹಂತ 7: ಪರಿಹಾರವನ್ನು ಬಲದ ಕ್ರಮದಲ್ಲಿ ಆಯ್ದುಕೊಳ್ಳಿ

ಎಲ್ಲಕ್ಕಿಂತ ಬಲವಾದ ಪರಿಹಾರವೆಂದರೆ ತಪ್ಪಾಗುವ ಹೆಜ್ಜೆಯನ್ನೇ ತೆಗೆದುಹಾಕುವುದು: ಸಂಖ್ಯೆಯನ್ನು ಮತ್ತೆ ಟೈಪ್ ಮಾಡುವ ಬದಲು ಖರೀದಿ ಆದೇಶದಿಂದಲೇ ನೇರವಾಗಿ ಬರುವಂತೆ ಮಾಡುವುದು. ಅದಾಗದಿದ್ದರೆ ತಪ್ಪು ಮಾಡಲು ಬಾರದಂತೆ ತಡೆಯಿರಿ. ಜಪಾನಿನ ಕಾರ್ಖಾನೆಗಳಲ್ಲಿ ಪೋಕಾ-ಯೋಕೆ ಎನ್ನುವುದು ಇದನ್ನೇ. ಅದೂ ಆಗದಿದ್ದರೆ ತಪ್ಪು ಆದ ಕ್ಷಣದಲ್ಲೇ ತಿಳಿಯುವಂತಿರಲಿ. ಪರಿಶೀಲನಾ ಪಟ್ಟಿ, ತರಬೇತಿ, ಸುತ್ತೋಲೆಗಳು ಇವುಗಳ ನಂತರ ಬರುತ್ತವೆ. ಸುತ್ತೋಲೆಯೊಂದೇ ಪರಿಹಾರವಾದರೆ ಕಾರಣ ಮುಟ್ಟದೇ ಉಳಿದಿರುವ ಸಾಧ್ಯತೆ ಹೆಚ್ಚು.

ಎರಡನೆಯ ಪರಿಶೀಲಕರನ್ನು ನೇಮಿಸುವುದು ಎಲ್ಲರಿಗೂ ಥಟ್ಟನೆ ಹೊಳೆಯುವ ಉಪಾಯ. ಒಬ್ಬರು ನೂರಕ್ಕೆ 80 ದೋಷಗಳನ್ನು ಹಿಡಿದರೆ ಇಬ್ಬರು ಸೇರಿ 96 ಹಿಡಿಯುತ್ತಾರೆ ಎಂಬ ಲೆಕ್ಕವು ಇಬ್ಬರೂ ಪರಸ್ಪರ ಅವಲಂಬಿಸದೆ ನೋಡಿದಾಗ ಮಾತ್ರ ನಿಜ. ಹಿಂದೆ ಇನ್ನೊಬ್ಬರಿದ್ದಾರೆಂದು ಮೊದಲಿನವರು, ಮುಂಚೆಯೇ ನೋಡಿಯಾಗಿದೆ ಎಂದು ಎರಡನೆಯವರು ಸಡಿಲಗೊಳ್ಳುವುದು ಮನುಷ್ಯ ಸಹಜ.

ಹೊಸ ಪರಿಹಾರ ಎಲ್ಲೆಲ್ಲಿ ಮುರಿಯಬಹುದು ಎಂಬುದನ್ನು ಎಫ್‌ಎಂಇಎ (ವೈಫಲ್ಯದ ಬಗೆಗಳು ಮತ್ತು ಪರಿಣಾಮಗಳ ವಿಶ್ಲೇಷಣೆ) ಕೋಷ್ಟಕದಲ್ಲಿ ಬರೆದು, ತೀವ್ರತೆ, ಸಂಭವ, ಪತ್ತೆ ಈ ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಡಿ (ಪತ್ತೆ ಕಷ್ಟವಾದಷ್ಟೂ ಅದರ ಅಂಕ ಹೆಚ್ಚು). ಆದರೆ ಮೂರರ ಗುಣಲಬ್ಧವನ್ನಷ್ಟೇ ನೋಡಬೇಡಿ. 10 × 2 × 2 ಎಂದರೆ 40, 4 × 4 × 4 ಎಂದರೆ 64. ಹೀಗಿದ್ದರೂ ಮೊದಲು ಗಮನಿಸಬೇಕಾದದ್ದು ತೀವ್ರತೆ 10 ಇರುವ ಮೊದಲನೆಯದನ್ನೇ. ವಾಹನ ಉದ್ಯಮದ ಎಐಎಜಿ ಮತ್ತು ವಿಡಿಎ ಸಂಸ್ಥೆಗಳ 2019ರ ಜಂಟಿ ಕೈಪಿಡಿಯು ಈ ಗುಣಲಬ್ಧವನ್ನು ಬಿಟ್ಟು, ತೀವ್ರತೆಗೆ ಮೊದಲ ಸ್ಥಾನ ಕೊಡುವ ಆದ್ಯತಾ ಕೋಷ್ಟಕವನ್ನು ತಂದಿದೆ.

ಹಂತ 8: ಸಣ್ಣದಾಗಿ ಪ್ರಯೋಗಿಸಿ, ಎಷ್ಟು ಹೇಳಬಹುದೋ ಅಷ್ಟೇ ಹೇಳಿ

ಒಂದು ವಿಭಾಗದಲ್ಲಿ, ಒಂದೇ ಬದಲಾವಣೆಯನ್ನು, ಮೊದಲೇ ಬರೆದಿಟ್ಟ ಅವಧಿಗೆ ಜಾರಿಗೆ ತನ್ನಿ. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದೆ, ಮೂರನ್ನೂ ಶಾಶ್ವತವಾಗಿ ಹೊತ್ತುಕೊಳ್ಳಬೇಕಾಗುತ್ತದೆ.

ಪ್ರಯೋಗದಲ್ಲಿ ಐವತ್ತು ಬಿಲ್ಲುಗಳು ಸಾಗಿ ಒಂದೂ ದೋಷ ಬರಲಿಲ್ಲ ಎಂದರೆ ‘ದೋಷ ಶೂನ್ಯವಾಯಿತು’ ಎಂದು ಬರೆಯಬೇಡಿ. ಶೂನ್ಯ ದೋಷ ಕಂಡಾಗ 3ನ್ನು ನೋಡಿದವುಗಳ ಸಂಖ್ಯೆಯಿಂದ ಭಾಗಿಸಿದರೆ, ಶೇ. 95 ವಿಶ್ವಾಸದ ಮಟ್ಟದಲ್ಲಿ, ನಿಜವಾದ ಪ್ರಮಾಣ ಹೆಚ್ಚೆಂದರೆ ಎಷ್ಟಿರಬಹುದೆಂದು ತಿಳಿಯುತ್ತದೆ. ಐವತ್ತಕ್ಕೆ ಅದು ಶೇ. 6. ಶೇ. 12ರಿಂದ ಇಳಿದಿದೆ ಎಂದು ಧೈರ್ಯವಾಗಿ ಹೇಳಬಹುದು, ಶೇ. 1ಕ್ಕಿಂತ ಕಡಿಮೆಯಾಗಿದೆ ಎಂದು ಹೇಳಲು ಮುನ್ನೂರು ಬಿಲ್ಲುಗಳು ದೋಷವಿಲ್ಲದೆ ಸಾಗಬೇಕು.

ಇದೇ ಅವಧಿಯಲ್ಲಿ ಇನ್ನೊಂದು ಅಳತೆಯ ಮೇಲೂ ಕಣ್ಣಿಡಿ. ದೋಷ ಇಳಿದು, ಬಿಲ್ಲು ಮುಗಿಯುವ ದಿನಗಳು ದುಪ್ಪಟ್ಟಾದರೆ ಸಮಸ್ಯೆ ಜಾಗ ಬದಲಿಸಿದೆ, ಅಷ್ಟೇ.

ಹಂತ 9: ಪ್ರಕ್ರಿಯೆಯ ಹೊಣೆಗಾರರಿಗೆ ಒಪ್ಪಿಸಿ

ತಂಡ ಚದುರುವ ಮುನ್ನ ಒಂದು ಪುಟದ ನಿಯಂತ್ರಣ ಯೋಜನೆ ಬರೆಯಿರಿ: ಏನನ್ನು ಅಳೆಯಬೇಕು, ಎಷ್ಟು ಸಲ, ಯಾರು, ಚಾರ್ಟ್ ಸೂಚನೆ ಕೊಟ್ಟಾಗ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು. ಈ ಕೊನೆಯ ಸಾಲಿಲ್ಲದ ಚಾರ್ಟನ್ನು ಎರಡು ತಿಂಗಳ ನಂತರ ಯಾರೂ ನೋಡುವುದಿಲ್ಲ.

ಸುಧಾರಣೆ ನೆಲೆನಿಂತ ಮೇಲೆ ಹೊಸ ಅಂಕಿಗಳಿಂದ ನಿಯಂತ್ರಣ ಮಿತಿಗಳನ್ನು ಮತ್ತೆ ಲೆಕ್ಕಹಾಕಿ. ಹಳೆಯ ಮಿತಿಗಳನ್ನೇ ಉಳಿಸಿಕೊಂಡರೆ ಶೇ. 4ಕ್ಕೆ ಇಳಿದ ಪ್ರಕ್ರಿಯೆ ಮತ್ತೆ ಶೇ. 10ಕ್ಕೆ ಏರಿದರೂ ಚಾರ್ಟ್ ‘ಎಲ್ಲವೂ ಸರಿ’ ಎನ್ನುತ್ತದೆ. ಹಳೆಯ ನಮೂನೆಗಳನ್ನು ಹಂಚಿಕೆಯ ಫೋಲ್ಡರುಗಳಿಂದ ನಿಜವಾಗಿಯೂ ಅಳಿಸಿ. ಅವು ಇದ್ದಲ್ಲಿ ಯಾರಾದರೂ ಬಳಸಿಯೇ ಬಳಸುತ್ತಾರೆ.

ಒಮ್ಮೆ ಮಾತ್ರ ನಡೆಯುವ ಯೋಜನೆಗಳಲ್ಲಿ ಏನು ಬದಲಾಗುತ್ತದೆ

ಕಟ್ಟಡ, ತಂತ್ರಾಂಶ ಅಥವಾ ವ್ಯವಸ್ಥೆಯ ವರ್ಗಾವಣೆಯಂಥ ಯೋಜನೆಯಲ್ಲಿ ಅಂತಿಮ ಫಲ ಒಂದೇ ಆದ್ದರಿಂದ ಅದನ್ನು ಚಾರ್ಟಿನಲ್ಲಿ ಇರಿಸಲಾಗದು. ಆದರೆ ಅದರೊಳಗೆ ಮರುಕಳಿಸುವ ಕೆಲಸಗಳಿವೆ: ಅಗತ್ಯಗಳ ಪಟ್ಟಿ, ಪರಿಶೀಲನಾ ಸಭೆ, ಬದಲಾವಣೆಯ ಕೋರಿಕೆ, ಒಬ್ಬರಿಂದ ಇನ್ನೊಬ್ಬರಿಗೆ ಹಸ್ತಾಂತರ. ಮೇಲಿನ ಹಂತಗಳನ್ನು ಇವುಗಳಿಗೆ ಅನ್ವಯಿಸಿ.

ಅದಕ್ಕೆ ಒಂದು ಕೋಷ್ಟಕ ಸಾಕು. ಸಾಲುಗಳಲ್ಲಿ ದೋಷ ಹುಟ್ಟಿದ ಹಂತ, ಕಂಬಸಾಲುಗಳಲ್ಲಿ ಅದು ಸಿಕ್ಕಿಬಿದ್ದ ಹಂತ. ಅಗತ್ಯಗಳನ್ನು ಬರೆಯುವಾಗ ಹುಟ್ಟಿದ ದೋಷಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಿಕ್ಕಿದರೆ ಪರಿಶೀಲನೆ ಕೆಲಸ ಮಾಡುತ್ತಿದೆ. ಅವು ಅಂತಿಮ ಪರೀಕ್ಷೆಯಲ್ಲಿ ಅಥವಾ ಬಳಕೆದಾರರ ಕೈಯಲ್ಲಿ ಸಿಗುತ್ತಿದ್ದರೆ, ಪರೀಕ್ಷಾ ತಂಡಕ್ಕೆ ಜನರನ್ನು ಸೇರಿಸುವುದರಿಂದ ಪ್ರಯೋಜನವಿಲ್ಲ; ಅಂತಿಮ ಫಲವನ್ನು ಕಟ್ಟುವವರು ಮತ್ತು ಪರೀಕ್ಷಿಸುವವರು ಇಬ್ಬರೂ ಕೆಲಸ ಆರಂಭವಾಗುವ ಮೊದಲೇ ಅಗತ್ಯಗಳ ದಾಖಲೆಯನ್ನು ಓದಿ, ಪ್ರತಿ ಅಗತ್ಯಕ್ಕೂ ‘ಇದು ಪೂರೈಸಿತೆಂದು ಹೇಗೆ ತಿಳಿಯುತ್ತೇವೆ’ ಎಂಬ ಪ್ರಶ್ನೆಗೆ ಉತ್ತರವನ್ನು ಪಕ್ಕದಲ್ಲೇ ಬರೆಯುವಂತೆ ಮಾಡಿ. ಉತ್ತರ ಬರೆಯಲಾಗದ ಅಗತ್ಯವನ್ನು ಕೇಳಿದವರಿಗೇ ಹಿಂದಿರುಗಿಸಿ, ಉತ್ತರ ಬರುವವರೆಗೆ ಅದರ ಕೆಲಸವನ್ನು ಆರಂಭಿಸಬೇಡಿ.